ಬಿದ್ದದ್ದು ಮಾವ ಅಲ್ಲ, ನಾನು

ವಡೋದರ
೨೦ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಅತ್ತೆಗೆ,

ನಿಮ್ಮ ವಿಂಧ್ಯಾಳ ನಮಸ್ಕಾರಗಳು. ಮೊಣಕಾಲಿನ ನೋವು ಹೇಗಿದೆ? ರಾತ್ರಿ ಮಗುವನ್ನು ಎತ್ತಿಕೊಂಡು ಓಡಾಡುವ ಕೆಲಸವನ್ನೆಲ್ಲ ನೀವೇ ವಹಿಸಿಕೊಂಡಿದ್ದೀರಿ ಎಂದು ರಚನಾ ದೂರು ಹೇಳಿದಳು. ಅವಳ ಗಂಡನಿಗೂ ಒಂದು ಸರದಿ ಬಿಡಿ ಅತ್ತೆ, ಮಗು ಅವರದ್ದೂ ಹೌದಲ್ಲ. ಗೀಸರಿನ ನೀರಲ್ಲಿ ಬಾಣಂತಿಯ ಸ್ನಾನ ಆಗುವುದುಂಟೇ ಎಂದು ನೀವು ಸೂರತ್ತಿನ ಅಡಾಜಣದ ಅಂಗಡಿಗಳಲ್ಲೆಲ್ಲ ತಾಮ್ರದ ಹಂಡೆ ಹುಡುಕಿ, ಕೊನೆಗೆ ಕೆಳಮನೆಯ ಸೂರತಿ ಅಜ್ಜಿಯ ಹತ್ತಿರ ಎರವಲು ತಂದಿರಂತೆ. ನನಗೇನೂ ಆಶ್ಚರ್ಯ ಆಗಲಿಲ್ಲ. ಸಮೀಕ್ಷಾ ಹುಟ್ಟಿದಾಗ ನೀವು ಇದೇ ವಡೋದರದಲ್ಲಿ ನನ್ನ ಮೈಗೆ ಎಣ್ಣೆ ತಿಕ್ಕಿದ ರಭಸ ನೆನೆದರೆ ಈಗಲೂ ಬೆನ್ನು ಬಿಸಿಯಾಗುತ್ತದೆ. ಕೂಸು ಹಾಲು ಸರಿಯಾಗಿ ಕುಡಿಯುತ್ತಿದೆಯೇ? ರಚನಾಳಿಗೆ ಮೆಂತೆ ಗಂಜಿ ಬೇಸರ ಬಂದಿದ್ದರೆ ಬೆಲ್ಲ ಸ್ವಲ್ಪ ಜಾಸ್ತಿ ಹಾಕಿ, ಪಾಪ.

ಇನ್ನು ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳುತ್ತದೆ, ಉಳಿದರ್ಧವನ್ನು ನಿಮ್ಮ ಕಿವಿಯ ಮೆಷಿನ್ನು ಕುಯ್ಯೆಂದು ನುಂಗುತ್ತದೆ. ವಾಟ್ಸಾಪಿನಲ್ಲಿ ಬರೆದರೆ ಅಕ್ಷರಗಳು ಇರುವೆ ಸಾಲಿನ ಹಾಗೆ ಕಾಣುತ್ತವೆ ಎನ್ನುತ್ತೀರಿ. ಅದಕ್ಕೇ ಕಾಗದದಲ್ಲಿ, ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ. ಭಾನುವಾರ ಅಜಯ್ ಗಾಬರಿಯಲ್ಲಿ ನರೋಡಾದ ಫ್ಯಾಕ್ಟರಿಯಿಂದ ತಂಗಿ ರಚನಾಳಿಗೆ ಫೋನ್ ಮಾಡಿದರಂತೆ, ರಚನಾ ನಿಮ್ಮ ಕಿವಿಯಲ್ಲಿ ಕೂಗಿದಳಂತೆ, ನಿಮಗೆ ಅದರಲ್ಲಿ ‘ಅಪ್ಪ’, ‘ಕಾಡು’, ‘ಬಿದ್ದು’ ಇಷ್ಟೇ ಕೇಳಿಸಿತಂತೆ. ಆಗಿನಿಂದ ನೀವು ಯಾರು ಏನು ಹೇಳಿದರೂ ನಂಬುತ್ತಿಲ್ಲವಂತೆ, ಬ್ಯಾಗು ತುಂಬಿಸಿ ಬಾಗಿಲ ಹತ್ತಿರ ಇಟ್ಟಿದ್ದೀರಂತೆ. ಅತ್ತೆ, ಬಿದ್ದದ್ದು ಮಾವ ಅಲ್ಲ, ನಾನು. ಮಾವನಿಗೆ ಒಂದು ತರಚು ಗಾಯವೂ ಇಲ್ಲ. ನನ್ನ ಎಡಗಡೆಯ ಕೊರಳೆಲುಬು ಬಿರುಕು ಬಿಟ್ಟಿದೆ, ಪಾದ ಉಳುಕಿದೆ, ಅಷ್ಟೇ. ಕೈಯನ್ನು ಜೋಳಿಗೆಯ ಹಾಗೆ ಕಟ್ಟಿದ್ದಾರೆ. ಬಲಗೈ ನೆಟ್ಟಗಿದೆ, ಆದರೆ ಕಾಗದ ಹಿಡಿಯಲು ಇನ್ನೊಂದು ಕೈ ಇಲ್ಲದ್ದರಿಂದ ಸಾಲುಗಳು ಓರೆಯಾಗುತ್ತಿವೆ, ಹೊಂದಿಸಿಕೊಂಡು ಓದಿ. ಆ ಬ್ಯಾಗನ್ನು ದಯವಿಟ್ಟು ಬಿಚ್ಚಿಡಿ.

ಆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಹೋದ ವರ್ಷ ಯುಗಾದಿಗೆ ಮೊದಲು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಂದಿನಿಂದ ಮಾವ ಹೇಗಿದ್ದರೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಬೆರಳು ಯಾವಾಗಲೂ ಮಣಿಕಟ್ಟಿನ ನಾಡಿಯ ಮೇಲೆ. ಡಾಕ್ಟರು ನಡೆಯಿರಿ, ನಡೆಯಿರಿ ಎಂದರೂ ಗೇಟಿನವರೆಗೆ ಹೋಗಿ ವಾಪಸು. ಆ ಟ್ರೆಡ್‌ಮಿಲ್ ಪರೀಕ್ಷೆಗೆ ಎಷ್ಟು ಸಲ ಹೊರಡಿಸಿದರೂ ಆಸ್ಪತ್ರೆಯ ಬಾಗಿಲಲ್ಲೇ ಮುಖ ಬೆಳ್ಳಗಾಗಿ ತಿರುಗಿ ಬಂದರು. ನೀವು ಸೂರತ್ತಿಗೆ ಹೋದ ಮೇಲೆ ಅದು ಇನ್ನೂ ಹೆಚ್ಚಾಯಿತು. ನೀವು ನೊಂದುಕೊಳ್ಳುತ್ತೀರೆಂದು ನಾನು ಬರೆದಿರಲಿಲ್ಲ. ನಾನು ತರಕಾರಿಗೆ ಹೋದರೂ ‘ಬೇಗ ಬಾ ಮಾರಾಯ್ತಿ’ ಎಂದು ಬಾಗಿಲಲ್ಲೇ ನಿಂತಿರುತ್ತಿದ್ದರು. ಸ್ವಂತ ಮಗಳ ಮಗುವಿನ ನಾಮಕರಣಕ್ಕೂ ಬರಲಿಲ್ಲ. ‘ರೈಲಿನಲ್ಲಿ ಎದೆ ಹಿಡಿದರೆ ಯಾರುಂಟು ನೋಡುವವರು?’ ಎಂದು ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದರು. ಆ ದಿನ ಅವರು ಊಟ ಮಾಡಲಿಲ್ಲ ಅತ್ತೆ. ಹೆದರಿಕೆ ಬೇರೆ, ಅದರ ಮೇಲೆ ಅದರ ನಾಚಿಕೆ ಬೇರೆ. ಎರಡೂ ಸೇರಿ ಅವರನ್ನು ತಿನ್ನುತ್ತಿದ್ದವು.

ಸಮೀಕ್ಷಾಳ ಸೈಕಲ್ ಹುಚ್ಚು ನಿಮಗೆ ಗೊತ್ತೇ ಇದೆ. ದಪ್ಪ ಟಯರಿನ, ಮುಂದೆ ಸ್ಪ್ರಿಂಗ್ ಇರುವ ಆ ಗುಡ್ಡ ಹತ್ತುವ ಸೈಕಲ್. ಅವಳ ಜೊತೆ ಬೆಳಗ್ಗೆ ಬೆಳಗ್ಗೆ ನಾನೂ ಕಲಿತೆ. ‘ಸೆರಗು ಚಕ್ರಕ್ಕೆ ಸಿಕ್ಕದ ಹಾಗೆ ಪ್ಯಾಂಟು ಹಾಕಿಕೊಂಡು ಹೋಗು’ ಎಂದು ಅನುಮತಿ ಕೊಟ್ಟವರೇ ನೀವು. ಅವಳ ಸೈಕಲ್ ಗುಂಪಿನವರು ಮಳೆಗಾಲ ಮುಗಿದ ಮೇಲೆ ಜಾಂಬುಘೋಡಾದ ಕಾಡಿಗೆ ಹೋಗುತ್ತಾರೆ. ಅಲ್ಲಿ ತೇಗ, ಬಿದಿರು, ಹಿಪ್ಪೆ ಮರಗಳ ನಡುವೆ ದೊಡ್ಡ ಕೆರೆಗಳಿವೆ, ಕೆರೆಗೆ ಬಂದು ಸೇರುವ ಸಣ್ಣ ಹೊಳೆಗಳಿವೆ, ಆ ಹೊಳೆಯ ಪಕ್ಕದಲ್ಲೇ ಸೈಕಲ್ ಹೋಗುವ ಕಾಲುದಾರಿ. ಟ್ರೇಲ್ ಅನ್ನುತ್ತಾರೆ ಇವರು. ಮಕ್ಕಳ ಜೊತೆ ಮನೆಯವರೊಬ್ಬರು ಬರಬೇಕೆಂದು ಕಟ್ಟಳೆ. ಅಜಯ್‌ಗೆ ಆ ಭಾನುವಾರ ಫ್ಯಾಕ್ಟರಿಯಲ್ಲಿ ಡ್ಯೂಟಿ. ನಾನು ಹೋದರೆ ಮಾವ ಒಬ್ಬರೇ, ಅವರು ಒಬ್ಬರೇ ಇರುವವರಲ್ಲ. ಸಮೀಕ್ಷಾ ತನ್ನ ಖಿಚಡಿ ಕನ್ನಡದಲ್ಲಿ ‘ಅಜ್ಜನಿಗೆ ಸಹ ಕರೆದುಕೊಂಡು ಹೋಗುವ, ಅವರು ಕೆರೆ ಹತ್ತಿರ ಕೂತು ಹವಾ ತಿನ್ನಲಿ’ ಎಂದಳು. ಹವಾ ತಿನ್ನುವುದೆಂದರೆ ಏನೆಂದು ಮಾವನಿಗೆ ನಗು ಬಂತು. ಆ ನಗುವಿನಲ್ಲೇ ಹೂಂ ಎಂದುಬಿಟ್ಟರು. ಆಮೇಲೆ ಇಡೀ ಶನಿವಾರ ಮಾತ್ರೆ ಡಬ್ಬಿ, ನಾಲಿಗೆ ಕೆಳಗಿನ ಮಾತ್ರೆ, ಡಾಕ್ಟರ ಚೀಟಿ ಎಲ್ಲ ಒಂದು ಚೀಲದಲ್ಲಿ ತುಂಬಿಸಿ, ತೆಗೆದು, ಮತ್ತೆ ತುಂಬಿಸಿದರು.

ಕಾಡು ಎಷ್ಟು ಚೆನ್ನಾಗಿತ್ತು ಅತ್ತೆ! ಹಾಲೋಲ್ ದಾಟುವಾಗ ಪಾವಾಗಢ ಬೆಟ್ಟದ ತಲೆ ಮೇಲೆ ಇನ್ನೂ ಮಂಜಿತ್ತು. ಕೆರೆಯಲ್ಲಿ ನೀರು ತುಂಬಿ ನಿಂತಿತ್ತು, ಗಾಳಿ ತಣ್ಣಗೆ, ದೂಳಿಲ್ಲ. ವೇಗದ ಹುಡುಗ ಹುಡುಗಿಯರು ಮೇಲಿನ ಕಠಿಣ ದಾರಿಗೆ ಹೊರಟರು, ಸಮೀಕ್ಷಾ ಅವರ ಜೊತೆ. ಗುಂಪಿನ ಮುಖ್ಯಸ್ಥ ಕಿರಣ್ ಭಾಯ್ ಮಾವನನ್ನು ಕೇಳಿದರು, ಅಂಕಲ್, ಹೆಚ್ಚಿನದೊಂದು ಸೈಕಲ್ ಇದೆ, ಕೆರೆಯ ಪಕ್ಕ ಸಮತಟ್ಟು ದಾರಿ, ಒಂದು ಸುತ್ತು ಹಾಕಿ ನೋಡುತ್ತೀರಾ ಎಂದು. ಮಾವ ಖಂಡಿತ ಬೇಡ ಎನ್ನುತ್ತಾರೆಂದು ನಾನು ಚಾಪೆ ಬಿಡಿಸುತ್ತಿದ್ದೆ. ತಿರುಗಿ ನೋಡಿದರೆ ಹ್ಯಾಂಡಲ್ ಹಿಡಿದು ನಿಂತಿದ್ದಾರೆ! ‘ನಿನ್ನ ಅತ್ತೆಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಕಮಾಟಿಬಾಗ್ ಪಾರ್ಕಿಗೆ ಹೋಗ್ತಿದ್ದವ ನಾನು’ ಎಂದರು. ಮೊದಲು ಸ್ವಲ್ಪ ಓಲಾಡಿದರು. ಆಮೇಲೆ ಬೆನ್ನು ನೆಟ್ಟಗಾಯಿತು. ‘ಮರೆತಿಲ್ಲ ನೋಡು, ಕಾಲಿಗೆ ಎಲ್ಲ ನೆನಪುಂಟು’ ಎಂದು ನನ್ನ ಕಡೆ ತಿರುಗಿ ಕೂಗಿದಾಗ ಎದುರಿನ ಬಿದಿರು ಮೆಳೆಗೆ ಹೊಡೆಯುವುದೊಂದು ಬಾಕಿ.

ಹಾಗೆ ನಾನೂ ನನ್ನ ಸೈಕಲ್ ಹತ್ತಿ, ನಾವಿಬ್ಬರೇ ನಿಧಾನವಾಗಿ ಹೋದೆವು. ದಾರಿ ತೋರಿಸಲು ಮರಗಳಿಗೆ ಅಲ್ಲಲ್ಲಿ ಕೆಂಪು ಬಟ್ಟೆಯ ಚೂರು ಕಟ್ಟಿದ್ದರು. ನಾವು ಮಾತಿನಲ್ಲಿ ಮುಳುಗಿದ್ದೆವು. ತಮ್ಮ ವಿಮಾ ಕಂಪನಿಯ ಕೆಲಸಕ್ಕೆಂದು ಕುಂದಾಪುರದಿಂದ ಮೊದಲ ಸಲ ಬರೋಡಕ್ಕೆ ಬಂದಾಗ ನೀವು ಸ್ಟೇಷನ್ನಿನಲ್ಲಿ ಸಕ್ಕರೆ ಹಾಕಿದ ದಾಲ್ ತಿಂದು ಅತ್ತದ್ದನ್ನು ಅವರು ಹೇಳುತ್ತಿದ್ದರು. ಎಲ್ಲೋ ಒಂದು ಒಣ ಹಳ್ಳ ದಾಟುವಾಗ ಬಲಕ್ಕೆ ತಿರುಗುವ ಬದಲು ನೇರ ಹೋಗಿಬಿಟ್ಟಿದ್ದೇವೆ. ಕೆರೆ ಮರೆಯಾಯಿತು, ದಾರಿ ಇಳಿಜಾರಾಯಿತು, ಪುಡಿಗಲ್ಲು ಶುರುವಾಯಿತು. ‘ಮಾವಾ, ಇದು ನಮ್ಮ ದಾರಿ ಅಲ್ಲ’ ಎಂದು ನಾನು ಹಿಂದೆ ನೋಡುತ್ತಾ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದೆ. ಇಳಿಜಾರಿನಲ್ಲಿ ಹಾಗೆ ಹಿಡಿಯಬಾರದೆಂದು ಸಮೀಕ್ಷಾ ಎಷ್ಟು ಸಲ ಹೇಳಿಕೊಟ್ಟಿದ್ದಳು! ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಹ್ಯಾಂಡಲಿನ ಮೇಲಿಂದ ಹಾರಿ ಕೆಳಗಿನ ಕೊರಕಲಿಗೆ ಹೋಗಿ ಬಿದ್ದೆ. ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಭುಜದಲ್ಲಿ ಏನೋ ಲಟಕ್ಕೆಂದದ್ದು ನನಗೇ ಕೇಳಿಸಿತು.

ಮಾವ ಸೈಕಲ್ ಅಲ್ಲೇ ಬಿಸಾಕಿ, ಕಲ್ಲು ಹಿಡಿದುಕೊಂಡು ಇಳಿದು ಬಂದರು. ನಾನು ಏಳಲು ನೋಡಿದೆ, ಪಾದ ನೆಲಕ್ಕೆ ತಾಗಿದರೆ ಕಣ್ಣು ಕತ್ತಲೆ. ಫೋನಿನಲ್ಲಿ ಸಿಗ್ನಲ್ ಇಲ್ಲ, ಇಬ್ಬರದ್ದರಲ್ಲೂ ಇಲ್ಲ. ಕೂಗಿದೆವು, ಯಾರೂ ಇಲ್ಲ. ಆಗ ಮಾವ ನನ್ನ ಪಕ್ಕ ಕುಸಿದು ಕೂತರು. ಬೆರಳು ಮಣಿಕಟ್ಟಿಗೆ ಹೋಯಿತು. ಮುಖದಲ್ಲಿ ಬೆವರು. ‘ವಿಂಧ್ಯಾ, ನನಗೆ ಎದೆ ಹಿಡೀತಾ ಉಂಟು’ ಎಂದರು. ನನ್ನ ನೋವು ನನಗೆ ಮರೆತೇ ಹೋಯಿತು. ಈ ಕಾಡಿನಲ್ಲಿ ಇವರಿಗೇನಾದರೂ ಆದರೆ ನಾನು ಅತ್ತೆಗೆ ಯಾವ ಮುಖ ತೋರಿಸಲಿ ಎಂಬ ಅದೊಂದೇ ಯೋಚನೆ. ನಾಲಿಗೆ ಕೆಳಗಿನ ಮಾತ್ರೆ ಇಡಿ ಎಂದೆ. ಅದು ಚೀಲದಲ್ಲಿತ್ತು, ಚೀಲ ಕೆರೆ ದಂಡೆಯ ಚಾಪೆಯ ಮೇಲಿತ್ತು. ‘ಉಸಿರು ದೀರ್ಘವಾಗಿ ಎಳೆಯಿರಿ ಮಾವ, ಗಾಬರಿಗೂ ಹಾಗೆ ಆಗ್ತದೆ, ಡಾಕ್ಟರು ಹೇಳಿದ್ದಾರಲ್ಲ’ ಎಂದು ನಾನೇ ಅವರಿಗೆ ಧೈರ್ಯ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು, ಭುಜದ ನೋವಿಗೆ ಕೆಟ್ಟದಾಗಿ ನರಳಿಬಿಟ್ಟೆ.

ಅವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಏನು ಮಾಡಿದರು ಗೊತ್ತೇ? ಬೆರಳನ್ನು ಮಣಿಕಟ್ಟಿನಿಂದ ತೆಗೆದು, ಕುತ್ತಿಗೆಯ ಮಫ್ಲರ್ ಬಿಚ್ಚಿ, ನನ್ನ ಕೈಯನ್ನು ಎದೆಗೆ ಸೇರಿಸಿ ಕಟ್ಟಿದರು. ಬೆನ್ನಿನ ಕೆಳಗೆ ಒಣ ಎಲೆ ತುಂಬಿಸಿದರು. ನೀರಿನ ಬಾಟಲಿ ಬಲಗೈಗೆ ಸಿಗುವ ಹಾಗೆ ಇಟ್ಟರು. ‘ನಾನು ಹೋಗಿ ಯಾರನ್ನಾದರೂ ಕರ್ಕೊಂಡು ಬರ್ತೇನೆ’ ಎಂದರು. ಬೇಡ ಮಾವ, ಇಲ್ಲೇ ಇರುವ, ಹುಡುಕಿಕೊಂಡು ಬರ್ತಾರೆ ಎಂದೆ. ‘ನಾವು ದಾರಿ ಬಿಟ್ಟು ಬಂದದ್ದು ಅವರಿಗೆ ಎಂತ ಗೊತ್ತು?’ ಎಂದರು. ನಿಮ್ಮ ಎದೆ ಎಂದೆ. ‘ಅದು ಅದರ ಕೆಲಸ ಮಾಡಲಿ, ನಾನು ನನ್ನದು ಮಾಡ್ತೇನೆ’ ಎಂದು ದಡ ಹತ್ತಿದರು. ಮೇಲೆ ಸೈಕಲ್ ಎತ್ತಿ ನಿಲ್ಲಿಸಿ ಒಮ್ಮೆ ‘ಎಲ್ಲಿಗೂ ಹೋಗಬೇಡ’ ಎಂದರು. ಮುರಿದ ಭುಜ, ಉಳುಕಿದ ಕಾಲು ಇಟ್ಟುಕೊಂಡು ನಾನು ಎಲ್ಲಿಗೆ ಹೋಗಲಿ! ನೋವಿನಲ್ಲೂ ನಗು ಬಂತು.

ಒಬ್ಬಳೇ ಬಿದ್ದುಕೊಂಡಿದ್ದ ಹೊತ್ತು ಎಷ್ಟೆಂದು ನನಗೆ ತಿಳಿಯದು. ಈ ಕಾಡಿನಲ್ಲಿ ಕರಡಿಗಳಿವೆ ಎಂದು ಬೆಳಗ್ಗೆ ಗೇಟಿನಲ್ಲಿ ಬೋರ್ಡು ಓದಿದ್ದೆ, ಓದಬಾರದಿತ್ತು. ಮರಕುಟುಕ ಕುಟ್ಟಿದರೂ ಕೊರಕಲಿನ ಅಂಚಿನ ಕಡೆ ನೋಡುತ್ತಿದ್ದೆ. ಆದರೆ ಕರಡಿಗಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಆ ದಾರಿಯಲ್ಲಿ ಎಲ್ಲೋ ಒಂದು ಸೈಕಲ್ ಅಡ್ಡ ಬಿದ್ದಿರುವುದು, ಪಕ್ಕದಲ್ಲಿ ಮಾವ ಮಲಗಿರುವುದು, ಇದೇ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿತ್ತು. ನಿಮ್ಮ ಹಾಗೆ ರಾಮರಕ್ಷೆ ಹೇಳಲು ಹೊರಟೆ, ನಡುವೆ ಮರೆತುಹೋಗಿ ಮೊದಲಿನಿಂದ ಶುರು ಮಾಡಿದೆ, ಮತ್ತೆ ಅಲ್ಲೇ ಮರೆಯಿತು. ಆಗ ತರಗೆಲೆಯ ಮೇಲೆ ಹೆಜ್ಜೆ ಸದ್ದು. ಬಂತು ಕರಡಿ ಎಂದುಕೊಂಡೆ. ಬಂದದ್ದು ನಾಲ್ಕಾರು ಆಡು, ಹಿಂದೆ ಅವನ್ನು ಮೇಯಿಸುವ ಹೆಂಗಸು. ಮಂಗೂಬೆನ್ ಎಂದು ಹೆಸರು, ಅಲ್ಲಿಯ ರಾಠ್ವಾ ಆದಿವಾಸಿ ಜನ, ನಿಮ್ಮ ಪ್ರಾಯದವರೇ ಇರಬೇಕು. ನೇರ ಇಳಿದು ಬಂದು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ‘ಡೋಸಾ ಕಳಿಸಿದ’ ಎಂದರು. ಗುಜರಾತಿಯಲ್ಲಿ ಡೋಸಾ ಎಂದರೆ ಮುದುಕ ಎಂದು ನನಗೆ ಗೊತ್ತಿದ್ದರೂ ಆ ಹೊತ್ತಿಗೆ ದೋಸೆ ಎಂದೇ ಕೇಳಿಸಿ, ಕಾಡಿನಲ್ಲಿ ನನಗೆ ಯಾರು ದೋಸೆ ಕಳಿಸಿದರೆಂದು ಬೆಪ್ಪಾದೆ. ಮಾವ ದಾರಿಯಲ್ಲಿ ಇವರನ್ನು ಕಂಡು, ನನ್ನ ಸೊಸೆ ಬಿದ್ದಿದ್ದಾಳೆ, ಅವಳ ಹತ್ತಿರ ಹೋಗಿ ಕೂತಿರು ತಾಯಿ, ಒಬ್ಬಳೇ ಹೆದರುತ್ತಾಳೆ ಎಂದು ಹೇಳಿ, ತಾವು ನಿಲ್ಲದೆ ರಸ್ತೆಯ ಕಡೆ ಮುಂದೆ ಹೋದರಂತೆ. ಹೇಗಿದ್ದರು ಎಂದು ಕೇಳಿದೆ. ಮಂಗೂಬೆನ್ ನನ್ನ ಹಣೆ ಒರೆಸುತ್ತಾ ಹೇಳಿದರು, ‘ಅಳುತ್ತಿದ್ದ. ಜೋರಾಗಿ ಅಳುತ್ತಿದ್ದ, ಮಗುವಿನ ಹಾಗೆ. ಆದರೆ ಪೆಡಲು ನಿಲ್ಲಿಸಲಿಲ್ಲ.’

ಅತ್ತೆ, ಇದನ್ನು ನಾನು ನಿಮಗಲ್ಲದೆ ಇನ್ನಾರಿಗೂ ಹೇಳಿಲ್ಲ. ಅಜಯ್‌ಗೂ ಇಲ್ಲ. ಮಾವ ಅತ್ತದ್ದು ನನಗೆ ಗೊತ್ತೆಂದು ಅವರಿಗೂ ಗೊತ್ತಿಲ್ಲ. ಹೆದರದವರು ಹೋಗಿ ಸಹಾಯ ತಂದರೆ ಅದರಲ್ಲಿ ಏನು ಹೆಚ್ಚು? ಅವರು ದಾರಿಯುದ್ದಕ್ಕೂ ಈಗ ಸಾಯುತ್ತೇನೆ, ಈಗ ಸಾಯುತ್ತೇನೆ ಎಂದುಕೊಂಡೇ ಹೋಗಿದ್ದಾರೆ. ನನಗೋಸ್ಕರ. ನನ್ನ ಅಪ್ಪ ಹೋದ ಮೇಲೆ ನನಗೆ ಹಾಗೆ ಯಾರಾದರೂ ಮಾಡಿಯಾರೆಂದು ನಾನು ಎಣಿಸಿರಲಿಲ್ಲ.

ಡಾಂಬರು ರಸ್ತೆ ಮುಟ್ಟಿದ ಕೂಡಲೇ ಅವರಿಗೆ ಸಿಗ್ನಲ್ ಸಿಕ್ಕಿತು. ಕಿರಣ್ ಭಾಯ್ ಜೀಪು ತಂದರು, ಸುದ್ದಿ ತಿಳಿದು ಸಮೀಕ್ಷಾ ಮೇಲಿನ ದಾರಿಯಿಂದ ಬಾಣದ ಹಾಗೆ ಇಳಿದು ಬಂದಳು. ಜೀಪು ಹಳ್ಳದವರೆಗೆ ಮಾತ್ರ, ಅಲ್ಲಿಂದ ಮುಂದೆ ಕಾಲುದಾರಿ. ಅಂಕಲ್, ನೀವು ಜೀಪಿನಲ್ಲೇ ಕೂತಿರಿ ಎಂದರಂತೆ. ‘ಜಾಗ ನಿಮಗೆ ಗೊತ್ತುಂಟಾ? ನನಗೆ ಗೊತ್ತುಂಟು’ ಎಂದು ಮಾವ ಮತ್ತೆ ಸೈಕಲ್ ಹತ್ತಿ ಮುಂದೆ ಹೊರಟರಂತೆ. ನನ್ನ ಕೊರಕಲಿನ ಮೇಲೆ ಮೊದಲು ಕಂಡದ್ದು ಅವರದೇ ತಲೆ. ಹೆಲ್ಮೆಟ್ ಓರೆಯಾಗಿತ್ತು, ಅಂಗಿ ಒದ್ದೆಮುದ್ದೆ. ‘ಇದ್ದೀಯಾ?’ ಎಂದರು. ಇದ್ದೇನೆ ಮಾವ ಎಂದೆ. ‘ನಾನೂ ಇದ್ದೇನೆ ಮಾರಾಯ್ತಿ’ ಎಂದು ಅಲ್ಲೇ ಕೂತು ನಗತೊಡಗಿದರು. ಎಷ್ಟು ಹೊತ್ತು ನಕ್ಕರೆಂದರೆ ಸಮೀಕ್ಷಾಳಿಗೆ ಗಾಬರಿಯಾಗಿ ಅವಳೇ ಅವರ ನಾಡಿ ಹಿಡಿದು ನೋಡಿದಳು. ‘ಅಮ್ಮಾ, ಅಜ್ಜನದು ಏಕ್‌ದಮ್ ಸರಿ ಓಡುತ್ತಿದೆ’ ಎಂದಳು. ನನ್ನನ್ನು ಮಂಗೂಬೆನ್ ಅವರ ಮನೆಯ ಹಗ್ಗದ ಮಂಚದ ಮೇಲೆ ಮಲಗಿಸಿ ಜೀಪಿನವರೆಗೆ ಹೊತ್ತು ತಂದರು. ಮಾವ ಮಂಚದ ಒಂದು ಕಾಲು ಹಿಡಿಯುತ್ತೇನೆಂದು ಹಟ ಹಿಡಿದಾಗ ಮಾತ್ರ ಎಲ್ಲರೂ ಸೇರಿ ಬೈದು ಬಿಡಿಸಿದರು.

ವಡೋದರದ ಆಸ್ಪತ್ರೆಯಲ್ಲಿ ನನ್ನ ಎಕ್ಸ್‌ರೇ ಆಯಿತು. ಹಾಗೆಯೇ ಮಾವನ ಇಸಿಜಿ, ರಕ್ತ, ಎಲ್ಲ ಮಾಡಿಸಿದೆವು. ಅವರ ಹೃದಯದ ಡಾಕ್ಟರು ಕಾಗದವನ್ನು ಎತ್ತಿ ಹಿಡಿದು ನೋಡಿ, ಮಾವನ ಕಡೆ ನೋಡಿ, ಕಲ್ಲುದಾರಿಯಲ್ಲಿ ಹೋಗಿ ಬಂದು ಎರಡು ಸಲ ಸೈಕಲ್ ತುಳಿದಿರಾ ಎಂದು ಕೇಳಿದರು. ಮಾವ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿದರು. ‘ಸೀತಾರಾಮ್ ಭಾಯ್, ಇನ್ನು ನಾನು ನಿಮ್ಮನ್ನು ಟ್ರೆಡ್‌ಮಿಲ್ಲಿಗೆ ಕರೆಯುವುದಿಲ್ಲ, ಪರೀಕ್ಷೆ ಪಾಸಾಗಿದ್ದೀರಿ. ಎದೆ ಹಿಡಿದದ್ದು ಹೆದರಿಕೆಯದ್ದು. ಆದರೂ ಇನ್ನೊಮ್ಮೆ ಹಾಗಾದರೆ ಮಾತ್ರೆ ಜೇಬಿನಲ್ಲಿರಲಿ, ಚಾಪೆ ಮೇಲಲ್ಲ’ ಎಂದರು. ಅಜಯ್ ಅಷ್ಟರಲ್ಲಿ ನರೋಡಾದಿಂದ ಬಂದು ಮುಟ್ಟಿದ್ದರು. ಅಪ್ಪ ಮಗ ಆಸ್ಪತ್ರೆಯ ಪಡಸಾಲೆಯಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ನಿಂತದ್ದನ್ನು ಮದುವೆಯಾಗಿ ಬಂದ ಮೇಲೆ ಇದೇ ಮೊದಲು ಕಂಡೆ.

ಎಲ್ಲ ಮಂತ್ರ ಹಾಕಿದ ಹಾಗೆ ಬದಲಾಯಿತು ಎಂದು ಸುಳ್ಳು ಬರೆಯಲಾರೆ. ಬೆರಳು ಈಗಲೂ ಮಣಿಕಟ್ಟಿಗೆ ಹೋಗುತ್ತದೆ. ಸೋಮವಾರ ಇಡೀ ದಿನ ಮೈಕೈ ನೋವೆಂದು ಮಲಗಿದ್ದರು, ಅದು ಹೃದಯದ್ದೋ ಎಂದು ಎರಡು ಸಲ ಕೇಳಿದರು. ಆದರೆ ಮಂಗಳವಾರ ಹಾಲಿಗೆ ತಾವೇ ಹೋದರು, ಬರುವಾಗ ನನಗೆಂದು ಕಡಲೆಹಿಟ್ಟಿನ ಬಿಸಿ ಫಾಫಡಾ ತಂದರು. ನಿನ್ನೆ ಅನ್ನಕ್ಕೆ ಅಕ್ಕಿ ತೊಳೆದು ಕುಕ್ಕರಿಗಿಟ್ಟವರು ಅವರೇ, ಅನ್ನ ಮುದ್ದೆಯಾಗಿತ್ತು, ಸಮೀಕ್ಷಾ ಮಾತಿಲ್ಲದೆ ತಿಂದಳು. ಆದ್ದರಿಂದ ನೀವು ಇಲ್ಲಿಗೆ ಓಡಿ ಬರಬೇಡಿ ಅತ್ತೆ. ರಚನಾಳ ಬಾಣಂತನ ಸಾವಕಾಶವಾಗಿ ಮುಗಿಸಿ. ನನ್ನನ್ನು ನೋಡಿಕೊಳ್ಳಲು ಇಲ್ಲಿ ಮೂವರಿದ್ದಾರೆ. ಮೂವರಿಗೂ ಜೀರಿಗೆ ಯಾವುದು, ಸೋಂಪು ಯಾವುದು ತಿಳಿಯದು, ಆದರೂ ನಡೆಯುತ್ತಿದೆ.

ನಮ್ಮ ಹಿಂದಿನ ಬೀದಿಯ ಉಡುಪಿ ಹೋಟೆಲಿನ ದಿವಾಕರ ನಾಳೆ ಬೆಳಗಿನ ರೈಲಿಗೆ ಸೂರತ್ತಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ. ಜೊತೆಗೆ ರಚನಾಳಿಗೆ ಹುರಿದ ಬೆಳ್ಳುಳ್ಳಿ, ಮಗುವಿಗೆ ಸಮೀಕ್ಷಾ ಹೆಣೆದ ಟೋಪಿ ಇದೆ. ಟೋಪಿ ಸಣ್ಣದಾಯಿತೋ ಏನೋ, ಅವಳಿಗೆ ಮಾತ್ರ ಹೇಳಬೇಡಿ. ರಚನಾಳಿಗೆ ನನ್ನ ನೆನಪುಗಳು, ಕೂಸಿಗೆ ಮುತ್ತು. ನಿಮ್ಮ ಆಶೀರ್ವಾದ ಈ ಭುಜದ ಮೇಲಿರಲಿ, ಬಲದ್ದಕ್ಕಿಂತ ಎಡದ್ದಕ್ಕೆ ಸ್ವಲ್ಪ ಜಾಸ್ತಿ.

ಇತಿ ನಿಮ್ಮ ಸೊಸೆ,
ವಿಂಧ್ಯಾ

ತಾ.ಕ.: ಶುಕ್ರವಾರ ಬೆಳಗ್ಗೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ದಿವಾಕರ ಫೋನ್ ಮಾಡಿದ್ದರು, ಅಡಿಗೆಯವನಿಗೆ ಜ್ವರವಂತೆ, ಅವರು ಹೋಗುವುದಿಲ್ಲವಂತೆ. ಕೊರಿಯರಿಗೆ ಹಾಕುತ್ತೇನೆ ಎಂದೆ. ಮಾವ ಚಹದ ಲೋಟ ಕೆಳಗಿಟ್ಟು ‘ಕೊಡು ಇಲ್ಲಿ, ನಾನು ಕೊಂಡು ಹೋಗ್ತೇನೆ’ ಎಂದರು. ಒಬ್ಬರೇ ಹೋಗ್ತೀರಾ ಮಾವ ಎಂದೆ. ‘ರೈಲಿನಲ್ಲಿ ಅಷ್ಟು ಜನ ಇರ್ತಾರೆ, ಒಬ್ಬನೇ ಹೇಗಾಗ್ತದೆ?’ ಎಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೆಳಗೆ ರಿಕ್ಷಾ ನಿಲ್ಲಿಸಿದ್ದಾರೆ, ಅಜಯ್ ಸ್ಟೇಷನ್ನಿಗೆ ಬರುತ್ತೇನೆಂದರೆ ಬೇಡ ಎಂದರು. ಪತ್ರದಲ್ಲಿ ಏನಿದೆ ಎಂದು ಕೇಳಲಿಲ್ಲ. ಹಾಗಾಗಿ ನೀವು ಇದನ್ನು ಓದುತ್ತಿರುವಾಗ ಅವರು ನಿಮ್ಮೆದುರಿಗೇ ಕೂತಿರುತ್ತಾರೆ. ಹೇಗೆ ಬಂದಿರಿ, ಯಾಕೆ ಬಂದಿರಿ ಎಂದು ಕೇಳಬೇಡಿ. ರಿಕ್ಷಾದವನು ಹಾರನ್ ಹೊಡೆಯುತ್ತಿದ್ದಾನೆ, ಮುಗಿಸುತ್ತೇನೆ. ಅತ್ತೆ, ಕಾಗದ ಸಾಕು. ತಲೆಯೆತ್ತಿ ಅವರ ಮುಖ ನೋಡಿ.